ಮಂಗಳವಿಲ್ಲದ ಪ್ರಸಂಗ

ಕನ್ನಡ ಧಾರಾವಾಹಿಗಳ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಶುರುವಾದದ್ದು ನಾವೀಗ ಬದುಕು ಕಟ್ಟಿಕೊಂಡಿರುವ ಹೈದರಾಬಾದಿನಲ್ಲಿ. 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡ ಪ್ರಸಾರವಾಗುತ್ತಿದ್ದದ್ದು ಇಲ್ಲಿನ ರಾಮೋಜಿ ಫಿಲ್ಮ್ ಸಿಟಿಯಿಂದ.

ಅದಕ್ಕೂ ಮೊದಲು, ದೂರದರ್ಶನದ ಕಾಲದಲ್ಲಿ, ಧಾರಾವಾಹಿಗೆ ಕೊನೆ ಎಂಬುದಿತ್ತು. ಸಾಮಾನ್ಯವಾಗಿ ವಾರಕ್ಕೊಂದರಂತೆ 13 ಕಂತು. ಜನ ಮೆಚ್ಚಿದರೆ ಇನ್ನಷ್ಟು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಕಥೆಗಳು ಹೇಳುವುದನ್ನು ಹೇಳಿ ಮುಗಿದುಬಿಡುತ್ತಿದ್ದವು.

ಖಾಸಗಿ ವಾಹಿನಿಗಳು ಬಂದ ಮೇಲೆ ಧಾರಾವಾಹಿ ದಿನವಹಿಯಾಯಿತು. ಹಿಂದಿಯ 'ಬಾಲಿಕಾ ವಧು' ಆಧರಿಸಿದ 'ಪುಟ್ಟಗೌರಿ ಮದುವೆ' 2012ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾಯಿತು. 2015ರಲ್ಲಿ ವಾಹಿನಿಯ ಹೆಸರೇ ಕಲರ್ಸ್ ಕನ್ನಡ ಎಂದಾಯಿತು. ಗೌರಿಯ ಕಥೆ ಮಾತ್ರ 2019ರವರೆಗೂ ನಡೆಯಿತು. ಬಾಲ್ಯವಿವಾಹದ ಪ್ರಶ್ನೆ ಎತ್ತಿಕೊಂಡು ಹೊರಟದ್ದು, ಬೆಟ್ಟದಿಂದ ಬಿದ್ದ ನಾಯಕಿ ಬದುಕಿ ಬರುವಲ್ಲಿಗೆ ಮುಟ್ಟಿ ನಗೆಪಾಟಲಾಯಿತು.

ತೆಲುಗಿನ 'ಕಾರ್ತೀಕ ದೀಪಂ' ಇನ್ನೂ ಸ್ಪಷ್ಟ ಉದಾಹರಣೆ. 2017ರಲ್ಲಿ ಸ್ಟಾರ್ ಮಾ ವಾಹಿನಿಯಲ್ಲಿ ಬಂದ ಇದರ ಮೂಲ ಮಲಯಾಳದ 'ಕರುತ್ತಮುತ್ತು'. ಕಪ್ಪು ಮೈಬಣ್ಣದ ಹೆಣ್ಣೊಬ್ಬಳ ಅವಮಾನವೇ ಕಥೆಯ ಜೀವ. ಖಳನಾಯಕಿ ಮೋನಿತಾ ಆಗಿ ಮನೆಮಾತಾದವರು ನಮ್ಮ ಶೋಭಾ ಶೆಟ್ಟಿ. ಗಂಡನ ಒಂದು ಅನುಮಾನವನ್ನೇ ವರ್ಷಗಟ್ಟಲೆ ಎಳೆದರು. 2022ರಲ್ಲಿ ನಾಯಕ ನಾಯಕಿಯರನ್ನು ಸಾಯಿಸಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಜನ ನೋಡುವುದು ಕಡಿಮೆಯಾಯಿತು. ಕೆಲವೇ ತಿಂಗಳಲ್ಲಿ ಸತ್ತವರು ಎದ್ದು ಬಂದರು! 2023ರ ಜನವರಿಯಲ್ಲಿ ಮುಗಿದ ಧಾರಾವಾಹಿಯ ಎರಡನೇ ಭಾಗ, ಅದೇ ಜೋಡಿಯೊಂದಿಗೆ, 2024ರ ಮಾರ್ಚಿನಲ್ಲಿ ಶುರುವಾಯಿತು.

ಕಥೆಗಾರನಿಗೆ ಬುದ್ಧಿಯಿಲ್ಲ ಎಂದು ಬೈಯುವುದು ಸುಲಭ. ಆದರೆ ಕೊನೆ ಅವನ ಕೈಯಲ್ಲಿಲ್ಲ. ಹೊಸ ಧಾರಾವಾಹಿ ಎಂದರೆ ಹೊಸ ಸೆಟ್ಟು, ಹೊಸ ಪ್ರಚಾರ, ಜನ ಒಪ್ಪುತ್ತಾರೋ ಇಲ್ಲವೋ ಎಂಬ ಭಯ. ಹಳೆಯದಕ್ಕೆ ಇದಾವುದೂ ಇಲ್ಲ. ವಾರವಾರದ ಟಿಆರ್‌ಪಿ ಕುಸಿಯದಿದ್ದರೆ ಸಾಕು, ಜಾಹೀರಾತು ಬರುತ್ತಿರುತ್ತದೆ. ಲೈಟ್ ಹಿಡಿಯುವವರು, ಮೇಕಪ್ಪಿನವರು ದುಡಿಯುವುದು ದಿನಗೂಲಿಗೆ. ಕಥೆ ಮುಗಿದರೆ ಅವರ ಒಲೆಯೂ ಆರುತ್ತದೆ. ಈ ಮಾತು ಮರೆತು ಮಾಡುವ ಟೀಕೆ ಅರ್ಧ ಟೀಕೆ.

ಇನ್ನರ್ಧ ನಮ್ಮದೇ. ನನ್ನ ಅತ್ತೆ ತೆಲುಗು ಕಲಿತದ್ದು ಧಾರಾವಾಹಿ ನೋಡಿಯೇ. ಪರವೂರಿನಲ್ಲಿ ಪ್ರತಿ ಸಂಜೆ ತಪ್ಪದೆ ಮನೆಗೆ ಬರುವ ನೆಂಟರನ್ನು, ಅವರ ಮಾತು ಸಪ್ಪೆಯಾಯಿತೆಂದು, ಯಾರು ಹೊರಗೆ ಕಳಿಸುತ್ತಾರೆ?

ಆದರೂ ಕಳೆದುಕೊಂಡದ್ದೊಂದಿದೆ. ಬಯಲಾಟದಲ್ಲಿ ಆಟ ಸೋಲಲಿ ಗೆಲ್ಲಲಿ, ಬೆಳಗಾದರೆ ಭಾಗವತರು ಮಂಗಳ ಹಾಡಲೇಬೇಕು. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಜನ ಆಟದ ಬಗ್ಗೆ ಮಾತಾಡುತ್ತಾರೆ. ಮೈಬಣ್ಣದ ಅವಮಾನ, ಬಾಲ್ಯವಿವಾಹ ಇವೆಲ್ಲ ನಿಜವಾದ ಪ್ರಶ್ನೆಗಳು. ಮಂಗಳವೇ ಇಲ್ಲದ ಪ್ರಸಂಗದಲ್ಲಿ ಅವುಗಳ ಬಗ್ಗೆ ಮಾತಾಡುವ ಆ ದಾರಿಯೇ ನಮಗೆ ಸಿಗುವುದಿಲ್ಲ.