ಕಿರ್ದಿ ಪುಸ್ತಕದಿಂದ ಟ್ಯಾಲಿಯವರೆಗೆ

ಸಮಾಜ ವಿಜ್ಞಾನ ಪಾಠ ಮಾಡುವ ನಾವು ಮಕ್ಕಳಿಂದ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಒಂದು ಚರಿತ್ರೆಯಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಬೆಂಗಳೂರಿನಲ್ಲಿ ಬೆಳೆದ ಟ್ಯಾಲಿಯ ಕಥೆ ಅಂಥದ್ದು.

ಶ್ಯಾಮ್ ಸುಂದರ್ ಗೋಯೆಂಕಾ ಅವರು ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ವ್ಯಾಪಾರಿ. ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದೆ ಹೋದಾಗ, ಅದನ್ನು ತಯಾರಿಸುವ ಕೆಲಸವನ್ನು ಗಣಿತ ಓದಿದ್ದ ಮಗ ಭರತ್ ಅವರಿಗೇ ಒಪ್ಪಿಸಿದರು. 1986ರಲ್ಲಿ ತಂದೆ ಮಗ ಸೇರಿ ಕಟ್ಟಿದ ಸಂಸ್ಥೆಗೆ ಮೊದಲಿದ್ದ ಹೆಸರು ಪ್ಯೂಟ್ರಾನಿಕ್ಸ್. 1999ರಲ್ಲಿ ಅದು ಟ್ಯಾಲಿ ಸೊಲ್ಯೂಷನ್ಸ್ ಆಯಿತು.

ಇದು ಊರೂರಿಗೂ ಹಬ್ಬಿದ್ದು ಹೇಗೆ? ಅಂದಿನ ಲೆಕ್ಕದ ಸಾಫ್ಟ್‌ವೇರುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ನೆನಪಿಡಬೇಕಿತ್ತು. ಟ್ಯಾಲಿಯಲ್ಲಿ ಆ ಕಷ್ಟವಿರಲಿಲ್ಲ. ಗುಮಾಸ್ತರು ಕಿರ್ದಿಯಲ್ಲಿ ಬರೆಯುತ್ತಿದ್ದಂತೆ ಹೆಸರು ಹಿಡಿದೇ ಬರೆಯಬಹುದಿತ್ತು. ಎಫ್ 5 ಒತ್ತಿದರೆ ಪಾವತಿ, ಎಫ್ 6 ಒತ್ತಿದರೆ ಜಮೆ, ಎಫ್ 8ಕ್ಕೆ ಮಾರಾಟ. ಒಂದು ಸಲ ಬರೆದದ್ದು ಖಾತೆಗೂ ತಾಳೆಪಟ್ಟಿಗೂ ಅಢಾವೆ ಪತ್ರಿಕೆಗೂ ತಾನೇ ಹೋಗಿ ಕೂರುತ್ತಿತ್ತು. ವ್ಯಾಪಾರಿಯು ಕಂಪ್ಯೂಟರಿನ ಭಾಷೆ ಕಲಿಯಬೇಕಾಗಲಿಲ್ಲ. ಕಂಪ್ಯೂಟರೇ ವ್ಯಾಪಾರಿಯ ಭಾಷೆ ಕಲಿಯಿತು. ಇದರ ಬೆಳವಣಿಗೆಯ ಗುಟ್ಟು ಇದೇ ಎಂದು ನನ್ನ ನಂಬಿಕೆ.

2005ರಲ್ಲಿ ನಮ್ಮ ರಾಜ್ಯಕ್ಕೆ ವ್ಯಾಟ್ ಬಂತು, 2017ರ ಜುಲೈ 1ರಂದು ದೇಶಕ್ಕೆಲ್ಲ ಜಿಎಸ್‌ಟಿ ಬಂತು. ತೆರಿಗೆಯ ನಿಯಮ ಬದಲಾದಂತೆ ಟ್ಯಾಲಿಯೂ ಬದಲಾಯಿತು. 2009ರಲ್ಲಿ ಟ್ಯಾಲಿ ಇಆರ್‌ಪಿ 9, 2020ರಲ್ಲಿ ಟ್ಯಾಲಿ ಪ್ರೈಮ್ ಬಂದವು. ಅದೇ 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಸಂದಿತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೆ. ನಮ್ಮ ಕಾಲದಲ್ಲಿ ಅಂಗಡಿಯ ಗಾದಿಯ ಪಕ್ಕ ಕೂತು ಲೆಕ್ಕ ಬರೆಯುವವರು ಗಂಡಸರೇ. ಮನೆಯ ಹಾಲು, ದಿನಸಿ, ಚೀಟಿಯ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದ ನಮ್ಮ ಅಮ್ಮಂದಿರಿಗೆ ಆ ಜಾಗವಿರಲಿಲ್ಲ. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಪಿಯುಸಿಗೇ ನಿಂತಳು, ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಸೇರಿ ಟ್ಯಾಲಿ ಕಲಿತಳು. ಈಗ ಹಾರ್ಡ್‌ವೇರ್ ಅಂಗಡಿಯೊಂದರ ಪೂರ್ತಿ ಲೆಕ್ಕ ಅವಳದು. ಸಂಬಳ ಹೆಚ್ಚೇನಲ್ಲ, ನಿಜ. ಆದರೆ ಯಜಮಾನರು ಸರಕು ತರಿಸುವ ಮೊದಲು ಅವಳನ್ನು ಕೇಳುತ್ತಾರೆ. ಮನೆಯಲ್ಲೂ ಅವಳ ಮಾತಿಗೆ ಈಗ ಬೆಲೆಯಿದೆ.

ಹೆಣ್ಣುಮಕ್ಕಳನ್ನು ಕಳಿಸುವ ತಾಯಂದಿರಿಗೆ ಒಂದು ಮಾತು ಹೇಳುತ್ತೇನೆ. ಕೀಲಿ ಒತ್ತುವುದನ್ನು ಮೂರು ತಿಂಗಳಲ್ಲಿ ಯಾರಾದರೂ ಕಲಿಸಿಯಾರು. ಯಾವುದು ಜಮೆ, ಯಾವುದು ಖರ್ಚು, ಏಕೆ ಎಂಬುದನ್ನೂ ಅವರು ಕಲಿತುಬರಲಿ. ನಾಳೆ ಟ್ಯಾಲಿ ಹೋಗಿ ಇನ್ನೊಂದು ಬಂದರೂ ಆ ವಿದ್ಯೆ ಅವರ ಕೈಬಿಡುವುದಿಲ್ಲ.