ಸಿದ್ದೇಶ್ವರ ಕದನ

ಸಿದ್ದೇಶ್ವರ ಕದನವು ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದ ಆರಂಭದಲ್ಲಿ, 1799ರ ಮಾರ್ಚ್ 6ರಂದು, ಪಿರಿಯಾಪಟ್ಟಣಕ್ಕೆ ಸಮೀಪದ ಕೊಡಗಿನ ಗಡಿಯಲ್ಲಿ ನಡೆಯಿತು. ಬ್ರಿಟಿಷ್ ದಾಖಲೆಗಳಲ್ಲಿ ಈ ಸ್ಥಳದ ಹೆಸರು 'ಸೆದಾಸೀರ್' ಎಂದಿದೆ. ರಾಜಧಾನಿ ಶ್ರೀರಂಗಪಟ್ಟಣದತ್ತ ಎರಡು ದಿಕ್ಕುಗಳಿಂದ ಬರುತ್ತಿದ್ದ ಶತ್ರುಸೇನೆಗಳು ಒಂದಾಗುವ ಮೊದಲೇ ಒಂದನ್ನು ಮುರಿಯಲು ಟಿಪ್ಪು ಸುಲ್ತಾನನು ಮಾಡಿದ ಪ್ರಯತ್ನವಿದು.

ಹಿನ್ನೆಲೆ

ಮೈಸೂರಿನವರ ಸೆರೆಯಲ್ಲಿದ್ದ ಕೊಡಗಿನ ದೊಡ್ಡವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡನು. ಅನಂತರ ಕಾಡು-ಕಣಿವೆಗಳ ಆಸರೆಯಲ್ಲಿ ಗೆರಿಲ್ಲಾ ಮಾದರಿಯ ಹೋರಾಟ ನಡೆಸಿ ಮೈಸೂರಿನ ಠಾಣ್ಯಗಳನ್ನು ಕೊಡಗಿನಿಂದ ತೆರವುಗೊಳಿಸಿದನು. 1790ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡುದರಿಂದ ಮಲಬಾರಿನ ಕರಾವಳಿಯಿಂದ ಮೈಸೂರಿಗೆ ಬರುವ ಘಟ್ಟದ ದಾರಿ ಕಂಪನಿಗೆ ತೆರೆಯಿತು. ಅಬರ್‌ಕ್ರೋಂಬಿಯ ಬೊಂಬಾಯಿ ಸೇನೆಯು 1791ರಲ್ಲಿ ಈ ದಾರಿಯಿಂದಲೇ ಪಿರಿಯಾಪಟ್ಟಣದವರೆಗೆ ಬಂದಿತ್ತು.

1799ರಲ್ಲಿ ಜನರಲ್ ಹ್ಯಾರಿಸ್‌ನ ಮುಖ್ಯ ಸೇನೆಯು ಪೂರ್ವದಿಂದ ಹೊರಟಿತು. ಜನರಲ್ ಜೇಮ್ಸ್ ಸ್ಟುವರ್ಟ್‌ನ ಬೊಂಬಾಯಿ ಸೇನೆಯು ಕಣ್ಣೂರಿನಿಂದ ಕೊಡಗಿನ ಮೂಲಕ ಸಾಗಿತು. ಇದಕ್ಕೆ ಕೊಡಗಿನ ಅರಸನ ನೆರವು ದೊರೆಯಿತು.

ಕದನ

ಪಿರಿಯಾಪಟ್ಟಣದಿಂದ ಸುಮಾರು ಏಳು ಮೈಲಿ ದೂರದ ಸಿದ್ದೇಶ್ವರದಲ್ಲಿ ಲೆಫ್ಟಿನೆಂಟ್ ಕರ್ನಲ್ ಮಾಂಟ್ರೆಸರ್‌ನ ಅಧೀನದ ಮೂರು ಸಿಪಾಯಿ ಬೆಟಾಲಿಯನ್‌ಗಳು ಬೀಡುಬಿಟ್ಟಿದ್ದವು. ಉಳಿದ ಸೇನೆ ಹಲವು ಮೈಲಿ ಹಿಂದೆ, ಸಿದ್ದಾಪುರದ ಕಡೆ ಇತ್ತು. ದಟ್ಟವಾದ ಕಾಡಿನಿಂದಾಗಿ ಇಡೀ ಸೇನೆಯನ್ನು ಒಂದೆಡೆ ನಿಲ್ಲಿಸಲು ಸಾಧ್ಯವಿರಲಿಲ್ಲ. ಮಾರ್ಚ್ 5ರಂದು ಪಿರಿಯಾಪಟ್ಟಣದ ಬಳಿ ಮೈಸೂರು ಸೇನೆಯ ಡೇರೆಗಳು ಸಿದ್ದೇಶ್ವರ ಬೆಟ್ಟದಿಂದ ಕಾಣಿಸಿದವು.

ಮರುದಿನ ಬೆಳಿಗ್ಗೆ ಒಂಬತ್ತರಿಂದ ಹತ್ತು ಗಂಟೆಯೊಳಗೆ ಮೈಸೂರು ಪಡೆಯು ಕಾಡಿನ ಮರೆಯಲ್ಲಿ ಸಾಗಿ, ಮಾಂಟ್ರೆಸರ್‌ನ ತುಕಡಿಯ ಮೇಲೆ ಮುಂದಿನಿಂದಲೂ ಹಿಂದಿನಿಂದಲೂ ಎರಗಿತು. ಮುಖ್ಯ ಸೇನೆಯ ಸಂಪರ್ಕ ಕಡಿದುಹೋದರೂ ಸಿಪಾಯಿಗಳು ಮಧ್ಯಾಹ್ನದವರೆಗೂ ತಮ್ಮ ನೆಲೆಯನ್ನು ಬಿಡಲಿಲ್ಲ. ಸ್ಟುವರ್ಟನು ನೆರವಿನ ಪಡೆಯೊಂದಿಗೆ ಬಂದ ಬಳಿಕ ಮೈಸೂರು ಸೇನೆ ಹಿಮ್ಮೆಟ್ಟಿತು. 'ಬೆಂಕಿ ನವಾಬ'ನೆಂದು ಹೆಸರಾಗಿದ್ದ ಟಿಪ್ಪುವಿನ ಸೇನಾನಿ ಮಹಮ್ಮದ್ ರಜಾ ಈ ಕದನದಲ್ಲಿ ಮಡಿದನು. ಬ್ರಿಟಿಷ್ ದಾಖಲೆಗಳಂತೆ ಕಂಪನಿಯ ಕಡೆ ಸತ್ತವರು, ಗಾಯಗೊಂಡವರು ಮತ್ತು ಕಾಣೆಯಾದವರು ಒಟ್ಟು 143.

ಪರಿಣಾಮ

ಟಿಪ್ಪುವು ಮಾರ್ಚ್ 11ರವರೆಗೆ ಪಿರಿಯಾಪಟ್ಟಣದ ಬಳಿ ಇದ್ದು, ಮತ್ತೆ ದಾಳಿ ಮಾಡದೆ ರಾಜಧಾನಿಯತ್ತ ಹಿಂದಿರುಗಿದನು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಹ್ಯಾರಿಸ್‌ನನ್ನು ತಡೆಯುವ ಪ್ರಯತ್ನವೂ ಫಲಿಸಲಿಲ್ಲ. ಏಪ್ರಿಲ್ 14ರಂದು ಬೊಂಬಾಯಿ ಸೇನೆಯು ಶ್ರೀರಂಗಪಟ್ಟಣದ ಬಳಿ ಹ್ಯಾರಿಸ್‌ನ ಸೇನೆಯನ್ನು ಕೂಡಿಕೊಂಡಿತು. ಮೇ 4ರಂದು ಕೋಟೆ ಶತ್ರುವಶವಾಗಿ, ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು.