ತರ್ದವಾಡಿ ಸಾಸಿರ: ಉಂಬಳಿಯಿಂದ ಗದ್ದುಗೆಯವರೆಗೆ

ಭೀಮಾ ನದಿಯಿಂದ ಡೋಣಿ ಹೊಳೆಯ ಎರೆಭೂಮಿಯವರೆಗೆ ಹಬ್ಬಿ, ಇಂದಿನ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸೀಮೆಗಳ ಬಹುಭಾಗವನ್ನು ಒಳಗೊಂಡಿದ್ದ ಆಡಳಿತ ವಿಭಾಗವನ್ನು ಶಾಸನಗಳು ‘ತರ್ದವಾಡಿ ಸಾಸಿರ’ ಎಂದು ಕರೆಯುತ್ತವೆ. ಹಳೆಯ ಇಂಡಿ ತಾಲ್ಲೂಕಿನ ತದ್ದೇವಾಡಿ ಇದರ ಮುಖ್ಯಸ್ಥಳವಾಗಿತ್ತು. ಎರಡು ಶತಮಾನಗಳ ಅಂತರದಲ್ಲಿ ಎರಡು ಸಾಮ್ರಾಜ್ಯಗಳನ್ನು ಉರುಳಿಸಿದವರು ಇದೇ ನಾಡನ್ನು ಸಾಮಂತರಾಗಿ ಆಳುತ್ತಿದ್ದವರು ಎಂಬುದು ಕರ್ನಾಟಕದ ಇತಿಹಾಸದಲ್ಲಿ ಸಿಗಬೇಕಾದಷ್ಟು ಗಮನ ಸಿಗದ ಸಂಗತಿ.

ಡೋಣಿ ಹರಿದರೆ ಓಣಿ ತುಂಬ ಜೋಳ ಎನ್ನುವ ಈ ನೆಲದ ಸಂಪತ್ತು ಎಷ್ಟಿತ್ತೆಂಬುದಕ್ಕೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಮೇಲಿನ ಕ್ರಿ.ಶ. 945ರ ಸಂಸ್ಕೃತ ಶಾಸನವೇ ಸಾಕ್ಷಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಪಾವಿಟ್ಟಗೆ ಎಂಬ ಅಗ್ರಹಾರದಲ್ಲಿ, ಅಂದರೆ ವಿದ್ವಾಂಸರಿಗೆ ದಾನವಾಗಿ ಬಿಟ್ಟ ಊರಿನಲ್ಲಿ, ಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳೂ, ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯೂ ಮೀಸಲಾದವು. ನಿವರ್ತನವೆಂಬುದು ಅಂದಿನ ಭೂಮಾಪನದ ಅಳತೆ. ಊರವರು ತಮ್ಮ ಮನೆಯ ಮದುವೆ, ಉಪನಯನ, ಚೌಲಗಳಲ್ಲಿ ಶಾಲೆಗೆ ಗೊತ್ತುಪಡಿಸಿದ ಕಾಣಿಕೆಯನ್ನು ಸಲ್ಲಿಸಬೇಕಾಗಿತ್ತು. ಇಂಥ ನಾಡಿನ ಆದಾಯ ಯಾರ ಕೈಗೆ ಬರುವುದೋ ಅವನು ಸೈನ್ಯ ಕಟ್ಟಲು ಶಕ್ತನಾಗುತ್ತಿದ್ದನು.

ಆ ಕೈ ಮೊದಲು ಚಾಲುಕ್ಯ ತೈಲಪನದಾಯಿತು. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯ ಕ್ರಿ.ಶ. 965ರ ಶಾಸನವು ಅವನು ತರ್ದವಾಡಿ ಸಾಸಿರವನ್ನು ‘ಅಣುಗಜೀವಿತ’ವಾಗಿ, ಎಂದರೆ ಒಡೆಯನು ತನ್ನ ಮೆಚ್ಚಿನ ಸೇವಕನ ನಿರ್ವಾಹಕ್ಕಾಗಿ ಬಿಟ್ಟುಕೊಟ್ಟ ಉಂಬಳಿಯಾಗಿ, ಆಳುತ್ತಿದ್ದನೆಂದು ತಿಳಿಸುತ್ತದೆ. 972ರಲ್ಲಿ ಮಾಳವದ ಪರಮಾರ ಸೀಯಕನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡಾಗ ಸಾಮ್ರಾಜ್ಯದ ಬೆನ್ನೆಲುಬು ಮುರಿಯಿತು. ಮರುವರ್ಷವೇ ತೈಲಪನು ಕೊನೆಯ ದೊರೆ ಎರಡನೆಯ ಕರ್ಕನನ್ನು ಸೋಲಿಸಿ ತಾನೇ ಚಕ್ರವರ್ತಿಯಾದನು.

ಹೀಗೆ ಉಂಬಳಿಯಿಂದ ಮೇಲೆ ಬಂದ ವಂಶವೇ ಮುಂದೆ ಅದೇ ನಾಡನ್ನು ಮಂಗಳವಾಡದ ಕಲಚುರಿಗಳ ಕೈಗಿಟ್ಟಿತು. ಕಲಚುರಿ ಬಿಜ್ಜಳನು ಕರಹಾಡ ನಾಲ್ಸಾಸಿರ ಮತ್ತು ತರ್ದವಾಡಿ ಸಾಸಿರಗಳ ಮಹಾಮಂಡಳೇಶ್ವರನಾಗಿ, ಅಂದರೆ ದೊಡ್ಡ ಸಾಮಂತನಾಗಿ ಬಲಗೊಂಡು, ಮೂರನೆಯ ತೈಲಪನ ದೌರ್ಬಲ್ಯವನ್ನು ಬಳಸಿಕೊಂಡು 1157ರ ವೇಳೆಗೆ ಅಧಿಕಾರವನ್ನು ತನ್ನದಾಗಿಸಿಕೊಂಡನು, 1162ರಲ್ಲಿ ಸಾರ್ವಭೌಮ ಬಿರುದುಗಳನ್ನೂ ಧರಿಸಿದನು. ಅವನ ಭಂಡಾರದ ಹೊಣೆ ಹೊತ್ತ ಬಸವಣ್ಣನೂ ಈ ನಾಡಿನವನೇ. 1260ರ ಅರ್ಜುನವಾಡ ಶಾಸನವು ಬಾಗೇವಾಡಿಯ ಮಾದಿರಾಜನ ಮಗನೆಂದು ಅವನನ್ನು ಹೆಸರಿಸುವಾಗ ತರ್ದವಾಡಿಯನ್ನೂ ಉಲ್ಲೇಖಿಸುತ್ತದೆ.

   

ಕಲಚುರಿಗಳ ಪತನಕ್ಕೆ ರಾಜಧಾನಿ ಕಲ್ಯಾಣದಲ್ಲಿ ನಡೆದ, ಬಸವಣ್ಣನ ಅನುಯಾಯಿಗಳಾದ ಶರಣರ ಕ್ರಾಂತಿಯೊಂದನ್ನೇ ಕಾರಣವಾಗಿ ಹೇಳುವ ರೂಢಿಯಿದೆ. ಆದರೆ ಬಿಜ್ಜಳನ ಆಳ್ವಿಕೆ 1167ರ ಸುಮಾರಿಗೆ ಕೊನೆಗೊಂಡ ಮೇಲೂ ಆ ವಂಶ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆಳಿತೆಂಬುದನ್ನು ಈ ವಾದ ಮರೆಯುತ್ತದೆ. ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಮುಂತಾದವರು ಬೇಗಬೇಗನೆ ಪಟ್ಟಕ್ಕೆ ಬಂದು ಹೋದದ್ದರಿಂದ ಅಧಿಕಾರ ದಂಡನಾಯಕರ ಕೈಗೆ ಜಾರಿತು. ಕಲಚುರಿಗಳ ಸೇವೆಯಲ್ಲಿದ್ದ ಕಾವಣನ ಮಗ ಬ್ರಹ್ಮನು ಚಾಲುಕ್ಯ ನಾಲ್ಕನೆಯ ಸೋಮೇಶ್ವರನ ಪಕ್ಷ ಸೇರಿ 1184ರ ವೇಳೆಗೆ ಕಲ್ಯಾಣವನ್ನು ಅವನಿಗೆ ಗೆದ್ದುಕೊಟ್ಟನು. ಆ ಗೆಲುವೂ ಬಾಳಲಿಲ್ಲ: ಬಸವನ ಬಾಗೇವಾಡಿ ತಾಲ್ಲೂಕಿನ ಮುತ್ತಗಿಯಲ್ಲಿ ದೊರೆತ 1189ರ ಶಾಸನವು, ಚಾಲುಕ್ಯರ ಸಾಮಂತರೇ ಆಗಿದ್ದ ದೇವಗಿರಿಯ ಸೇವುಣರ ಭಿಲ್ಲಮನ ಆಳ್ವಿಕೆಗೆ ಸೇರಿದುದು.